ಉಸಿರು ನೋಡಿ ಸಾಲು ಕೊಡುವ ಕೆಲಸ

ನಮ್ಮ ನ್ಯೂಜೆರ್ಸಿಯ ಕನ್ನಡ ಕೂಟದ ಈ ವರ್ಷದ ನಾಟಕಕ್ಕೆ ಪ್ರಾಂಪ್ಟ್ ಮಾಡಲು ಇಬ್ಬರು ಹುಡುಗಿಯರು ಮುಂದೆ ಬಂದಿದ್ದಾರೆ. ಒಬ್ಬಳು ಪ್ಲೇನ್ಸ್‌ಬರೋದವಳು, ಇನ್ನೊಬ್ಬಳು ಸಮರ್‌ಸೆಟ್‌ನವಳು. ನನ್ನ ಹತ್ತಿರ ಕೆಲಸ ಕಲಿಯಲು ಬಂದವರು ಬಾಗಿಲಲ್ಲೇ ನಿಂತು, "ಅಂಕಲ್, ಇಟ್ಸ್ ಜಸ್ಟ್ ರೀಡಿಂಗ್, ರೈಟ್?" ಎಂದು ಕೇಳಿದರು. ಆ ಪ್ರಶ್ನೆ ಕೇಳಿ ಎರಡು ದಿನ ನನಗೆ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಊಟ ಚೆನ್ನಾಗಿಯೇ ಸೇರಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಶ್ರೀಕಂಠ. ಮೈಸೂರಿನಲ್ಲಿ ಹಗಲು ವಿದ್ಯುತ್ ಇಲಾಖೆಯ ಗುಮಾಸ್ತ, ಸಂಜೆ ಹವ್ಯಾಸಿ ನಾಟಕ ತಂಡದ ಪ್ರಾಂಪ್ಟರ್. ರಂಗದ ಪಕ್ಕದ ಮರೆಯಲ್ಲಿ, ಸೈಡ್‌ವಿಂಗಿನಲ್ಲಿ, ಪುಸ್ತಕ ಹಿಡಿದು ನಿಂತು, ನಟರಿಗೆ ಮಾತು ಮರೆತಾಗ ಎತ್ತಿಕೊಡುವುದು ನನ್ನ ಕೆಲಸ. ಅಣ್ಣ ಸ್ಪಾನ್ಸರ್ ಮಾಡಿದ ಗ್ರೀನ್ ಕಾರ್ಡ್ ಹಿಡಿದು ನ್ಯೂಜೆರ್ಸಿಗೆ ಬಂದು ಫೋಟೋಕಾಪಿ ಅಂಗಡಿ ಸೇರಿದೆ. ಇನ್ನು ಆ ವಿದ್ಯೆ ನನ್ನ ಜೊತೆಗೇ ಮಣ್ಣಾಗುತ್ತದೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟೂಕೆ ಗಾಬರಿ ಬಂತು, ಅದರ ಹಿಂದೆ ಸಾಫ್ಟ್‌ವೇರ್ ಹುಡುಗರು ಬಂದರು, ಅವರಿಗೆ ನಾಟಕ ಆಡುವ ಹುಚ್ಚೂ ಬಂತು.

ಮಾತು ಕಲಿಯುವ ಪುರಸೊತ್ತು ಮಾತ್ರ ಬರಲಿಲ್ಲ. ಸಮರ್‌ಸೆಟ್‌ನ ಶಾಲೆಯ ಸಭಾಂಗಣದಲ್ಲಿ ಕೂಟದವರು ಒಂದು ಐತಿಹಾಸಿಕ ನಾಟಕ ಆಡಿದರು. ರಾಜನ ಪಾತ್ರದವನು ಯಾವುದೋ ಬ್ಯಾಂಕಿನ ಪ್ರೋಗ್ರಾಮ್‌ಗಳಲ್ಲಿ ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡುತ್ತ ತಿಂಗಳಿಂದ ನಿದ್ದೆ ಬಿಟ್ಟಿದ್ದ. ಮಂತ್ರಿಯ ಪೇಜರ್ ತುಂಬಿದ ಸಭೆಯಲ್ಲಿ ಕಿರುಗುಟ್ಟಿ, ಮಂತ್ರಿಗಳು ರಾಜದ್ರೋಹದ ವಿಚಾರಣೆಯನ್ನು ಅರ್ಧಕ್ಕೆ ಬಿಟ್ಟು ಪಾರ್ಕಿಂಗ್ ಲಾಟಿಗೆ ಓಡಿದರು. ರಾಜನ ಮಾತು, ಮಂತ್ರಿಯ ಮಾತು, ದೂತನ ಮಾತು ಎಲ್ಲವನ್ನೂ ನಾನೇ ವಿಂಗಿನಿಂದ ಹೇಳಿದೆ. ಮೈಸೂರಿನ ಪದ್ಧತಿಯಂತೆ ಭಾವ ತುಂಬಿ, ಎದೆಯಿಂದ ಹೇಳಿದೆ. ಕೊನೆಯ ಸಾಲಿನವರಿಗೂ ಕೇಳಿಸಿತಂತೆ. ಜನ ಬಿದ್ದು ಬಿದ್ದು ನಕ್ಕರು. ಅಧ್ಯಕ್ಷರು ತಮ್ಮ ಭಾಷಣದಲ್ಲಿ ಎಲ್ಲರಿಗೂ ವಂದನೆ ಹೇಳಿ ನನ್ನ ಹೆಸರು ಬಿಟ್ಟರು.

ಪರದೆ ಬಿದ್ದ ಮೇಲೆ ಒಬ್ಬರು ಬಿಳಿಯ ಮುದುಕರು ರಂಗದ ಹಿಂದೆ ಬಂದರು. ಎತ್ತರದ ಆಳು, ಕುತ್ತಿಗೆಗೆ ರೇಷ್ಮೆ ವಸ್ತ್ರ, ಕೈಯಲ್ಲಿ ಬೆತ್ತ. ಅವರ ಹೃದಯದ ಡಾಕ್ಟರು ನಮ್ಮ ಕೂಟದ ಸದಸ್ಯರು, ಅವರೇ ಕರೆತಂದಿದ್ದರು. ಮುದುಕರು ರಾಜನನ್ನು, ಮಂತ್ರಿಯನ್ನು ದಾಟಿ ನೇರವಾಗಿ ನನ್ನ ಮುಂದೆ ನಿಂತು, "ಈ ನಾಟಕದಲ್ಲಿ ನಟ ಎಂದರೆ ನೀನೊಬ್ಬನೇ. ಬೇರೆಯವರೆಲ್ಲ ಬರೀ ಬಟ್ಟೆ ಹಾಕಿಕೊಂಡಿದ್ದರು," ಎಂದರು. ರಾಜನಿಗೂ ಅದು ಕೇಳಿಸಿತು. ಅವನು ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ.

ಅವರೇ ಒಕ್ತಾವ್ ದುರ್ಮೆಲ್. ಫ್ರಾನ್ಸಿನ ನಟ. ನಾನು ಅವರನ್ನು ಅವರ ಭಾಷೆಯಲ್ಲೇ ಮೊಸ್ಯೂ, ಅಂದರೆ ಸಾಹೇಬರೇ, ಎನ್ನುತ್ತಿದ್ದೆ, ನಮ್ಮ ಹುಡುಗರು ಫ್ರೆಂಚ್ ಅಂಕಲ್ ಎನ್ನುತ್ತಿದ್ದರು. ಹುಟ್ಟಿದ್ದು ಎಲ್ಲಿ ಎಂದು ಪತ್ರಿಕೆಯವರು ಕೇಳಿದರೆ, ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಎನ್ನುತ್ತಿದ್ದರು. ಹೆಂಗಸರು ಕೇಳಿದರೆ ಅಜ್ಜಿಯ ದ್ರಾಕ್ಷಿ ತೋಟದಲ್ಲಿ. ನನಗೆ ಹೇಳಿದ್ದು ಒಂದು ಸಣ್ಣ ಊರಿನ ಬ್ರೆಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಂದು. ಮೂರಕ್ಕೂ ಕಣ್ಣಲ್ಲಿ ಅಷ್ಟೇ ನೀರು ತರುತ್ತಿದ್ದರು. ಪ್ಯಾರಿಸ್ಸಿನಲ್ಲಿ ವರ್ಷಗಟ್ಟಲೆ ರಂಗದ ಮೇಲೆ ರಾಜರನ್ನೂ ಜಿಪುಣರನ್ನೂ ಆಡಿದ್ದು ಮಾತ್ರ ನಿಜ, ಫೋಟೋಗಳಿದ್ದವು. ಆಮೇಲೆ ಸಿನಿಮಾದವರು ಪೊಲೀಸ್ ಅಧಿಕಾರಿ ಮಾಡಿದರು, ಮಧ್ಯಂತರಕ್ಕೆ ಮುಂಚೆ ಗುಂಡು ತಿಂದು ಸಾಯುವ ಪಾತ್ರ. ಅಲ್ಲಿಂದ ಅಮೆರಿಕಕ್ಕೆ ಬಂದರು. ಅಮೆರಿಕದ ಸಿನಿಮಾದವರಿಗೆ ಫ್ರಾನ್ಸ್ ಎಂದರೆ ಒಂದು ದೊಡ್ಡ ಹೋಟೆಲ್ಲು. ಮೊಸ್ಯೂ ಕೈಗೆ ಟ್ರೇ ಕೊಟ್ಟರು. ಸಾಯುವ ಕಷ್ಟ ತಪ್ಪಿತು, ಸೂಪು ಹಿಡಿದು ನಿಲ್ಲುವುದೇ ಕೆಲಸವಾಯಿತು. ಪ್ರಿನ್ಸ್‌ಟನ್ನಿನ ಪಿಯಾನೊ ಟೀಚರ್ ಒಬ್ಬರನ್ನು ಮದುವೆಯಾಗಿ ಅಲ್ಲೇ ನೆಲೆಸಿದರು. ಆಕೆ ತೀರಿಕೊಂಡ ಮೇಲೆ ಮನೆಯಲ್ಲಿ ಅವರು, ಪಿಯಾನೊ, ಆ ಫೋಟೋಗಳು ಉಳಿದವು.

ಅವರಿಗೆ ಒಂದೇ ಆಸೆ: ಸಾಯುವ ಮುಂಚೆ ಟ್ರೇ ಇಲ್ಲದೆ ಮತ್ತೆ ರಂಗ ಹತ್ತಬೇಕು. ಅದಕ್ಕೆ ಒಂದೇ ಅಡ್ಡಿ: ಮಾತು ನೆನಪು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕಂಠಪಾಠ ಮಾಡಿದ ಪುಟ ಮಧ್ಯಾಹ್ನಕ್ಕೆ ಮಾಯ. ಇದನ್ನು ಡಾಕ್ಟರಿಗೂ ಹೇಳದವರು ನನಗೆ ಹೇಳಿದರು. "ನನ್ನ ಕಾಲದಲ್ಲಿ ವೇದಿಕೆಯ ಅಂಚಿನಲ್ಲೇ ಒಂದು ಗೂಡು ಇರುತ್ತಿತ್ತು. ಅದರೊಳಗೆ ಒಬ್ಬ ಅಜ್ಜಿ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಈ ದೇಶದಲ್ಲಿ ಆ ಗೂಡೂ ಇಲ್ಲ, ಆ ಅಜ್ಜಿಯೂ ಇಲ್ಲ. ನೀನಿದ್ದೀಯ," ಎಂದರು. ನಾನು ಅಂಗಡಿಗೆ ರಾಜೀನಾಮೆ ಕೊಟ್ಟೆ. ಈ ಸಂಗತಿಯನ್ನು ನನ್ನ ಹೆಂಡತಿ ವಿಶಾಲೂಗೆ ತಿಳಿಸಲು ನನಗೆ ಹದಿನೈದು ದಿನ ಹಿಡಿಯಿತು.

ಮೊದಲ ತಿಂಗಳು ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹುರಿದು ತಿಂದರು. ಮೈಸೂರಿನಲ್ಲಿ ನಾವು ನಟ ಒಂದು ಕ್ಷಣ ಸುಮ್ಮನಾದರೆ ಸಾಕು, ಸಾಲು ಎಸೆದುಬಿಡುತ್ತಿದ್ದೆವು. ಮೊಸ್ಯೂಗೆ ಹಾಗೆ ಎಸೆದರೆ ಬೆತ್ತ ನೆಲಕ್ಕೆ ಕುಟ್ಟುತ್ತಿದ್ದರು.

"ಯಾಕೆ ಕೊಟ್ಟೆ?"

"ನೀವು ನಿಲ್ಲಿಸಿದಿರಿ."

"ನಿಲ್ಲಿಸುವುದು ನನ್ನ ಕೆಲಸ. ಆ ಮೌನ ನನ್ನದು, ಅದಕ್ಕೆ ಕೈ ಹಾಕಬೇಡ. ನನ್ನ ಭುಜ ನೋಡು. ಉಸಿರು ಹಿಡಿದಿದ್ದರೆ ನನಗೆ ಮಾತು ನೆನಪಿದೆ. ಉಸಿರು ಬಿಟ್ಟು ಭುಜ ಇಳಿಯಿತೋ, ಆಗ ಕೊಡು."

ಹುಡುಗಿಯರೇ, ಗಮನವಿಟ್ಟು ಓದಿ. ಈ ಕೆಲಸದಲ್ಲಿ ಓದುವುದು ಕಾಲುಭಾಗ. ಮಿಕ್ಕಿದ್ದು ಇನ್ನೊಬ್ಬರ ಭುಜ ನೋಡುತ್ತ ಕೂರುವುದು. ಇಂಥಾ ಒಂದು ಪಾಠವನ್ನು ಹದಿನೆಂಟು ವರ್ಷದ ಅನುಭವದಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವರಿಗೆ ಪಾತ್ರ ಕೊಟ್ಟದ್ದು ನ್ಯೂಬ್ರನ್ಸ್‌ವಿಕ್ ಹತ್ತಿರದ ಒಂದು ಸಣ್ಣ ನಾಟಕ ಕಂಪನಿ. ಹಳೆಯ ಚರ್ಚೊಂದನ್ನು ಥಿಯೇಟರ್ ಮಾಡಿಕೊಂಡಿದ್ದರು. ನಿರ್ದೇಶಕಿ ಬ್ರೆಂಡಾ. ಆಕೆಯ ಮುಖದಲ್ಲಿ ನಗು ಕಂಡವರನ್ನು ನಾನು ಕಂಡಿಲ್ಲ. ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಸಾಲು ಬಾರದವರು ನನ್ನ ಸ್ಟೇಜ್ ಹತ್ತೋ ಹಾಗಿಲ್ಲ. ಒಂದು ಸಲ ತಪ್ಪಿದರೆ ಮನೆಗೆ," ಎಂದಳು. ಮೊಸ್ಯೂ ಸೊಗಸಾಗಿ ತಲೆಬಾಗಿ ಅವಳ ಕೈಗೆ ಮುತ್ತಿಟ್ಟರು. ಆಮೇಲೆ ಕಾರಿನಲ್ಲಿ ಕೂತವರು ಮೊದಲ ಪುಟವನ್ನು ನನ್ನಿಂದ ನಾಲ್ಕು ಸಲ ಓದಿಸಿದರು.

ಉಪಾಯ ಹೊಳೆದದ್ದು ನಮ್ಮ ನಾಗೇಂದ್ರನಿಗೆ. ಟೆಲಿಕಾಂ ಕಂಪನಿಯೊಂದರ ಎಂಜಿನಿಯರ್, ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮೇಲಿನ ಮಹಡಿಯವನು. ಒಂದು ವೀಕೆಂಡ್ ಕೂತು, ಕಿವಿಯೊಳಗೆ ಇಡುವ ಸಣ್ಣ ರಿಸೀವರ್ ಮತ್ತು ನನ್ನ ಕೈಗೊಂದು ಮೈಕು ಮಾಡಿಕೊಟ್ಟ. ನೋಡಿದರೆ ಥೇಟ್ ಹಿಯರಿಂಗ್ ಏಡ್. ಆದ್ದರಿಂದ ಮೊಸ್ಯೂ ಕಿವುಡರಾಗಬೇಕಾಯಿತು. ಜಗತ್ತಿನ ನ್ಯಾಯ ನೋಡಿ: ಕಿವುಡ ಎಂದರೆ ಕುರ್ಚಿ ತಂದು ಕೊಡುತ್ತಾರೆ, ಮರೆವು ಎಂದರೆ ಬಾಗಿಲು ತೋರಿಸುತ್ತಾರೆ. ಇಡೀ ಕಂಪನಿ ಅವರ ಮುಖದ ಹತ್ತಿರ ಬಂದು ಕಿರುಚತೊಡಗಿತು. ಸೂಜಿ ಬಿದ್ದರೂ ಕೇಳಿಸುವ ಆ ಕಿವಿಗಳು ಎರಡು ವರ್ಷ ಆ ಕಿರುಚಾಟ ಸಹಿಸಿಕೊಂಡವು.

ನನ್ನನ್ನು ಬ್ರೆಂಡಾ ಮೊಸ್ಯೂನ ಕೋಟು ಹಿಡಿಯುವ ಆಳು ಎಂದುಕೊಂಡಳು. ನಾವು ತಿದ್ದಲಿಲ್ಲ. ನಾಟಕ ಶುರುವಾದ ಮೇಲೆ ನಾನು ರಂಗದ ಪಕ್ಕದ ಸಾಮಾನಿನ ಕೋಣೆಯಲ್ಲಿ ಮುರಿದ ಕುರ್ಚಿಗಳ ಮಧ್ಯೆ ಕೂರುತ್ತಿದ್ದೆ. ಬಾಗಿಲ ಸಂದಿಯಿಂದ ಮೊಸ್ಯೂನ ಎಡಭುಜ ಕಾಣುತ್ತಿತ್ತು. ಆ ಭುಜವೇ ನನ್ನ ಆಫೀಸು.

ಎಡವಟ್ಟುಗಳು ಆಗಲಿಲ್ಲವೆಂದಲ್ಲ. ಒಮ್ಮೆ ಒಗ್ಗರಣೆ ಅವಲಕ್ಕಿ ತಿಂದು ಬಂದು ಮೈಕು ಹಿಡಿದೆ. ಗಂಟಲಲ್ಲಿ ಸಿಕ್ಕಿಕೊಂಡಿದ್ದ ಸಾಸಿವೆ ಕಾಳು ಎರಡನೇ ಅಂಕದಲ್ಲಿ ತನ್ನ ಪ್ರತಾಪ ತೋರಿತು. ಮೊಸ್ಯೂ ಅಲ್ಲಿ ಗಂಭೀರ ನ್ಯಾಯಾಧೀಶ, ಮರಣದಂಡನೆ ಓದುತ್ತಿದ್ದಾರೆ. ಅವರ ಕಿವಿಯೊಳಗೆ ನಾನು ಬಾಂಬಿನಂತೆ ಕೆಮ್ಮಿದೆ. ನ್ಯಾಯಾಧೀಶರು ಕುರ್ಚಿಯಿಂದ ಗೇಣುದ್ದ ಹಾರಿ ಬಿದ್ದರು. ಊರ ಪತ್ರಿಕೆಯ ವಿಮರ್ಶಕನೊಬ್ಬ, ತೀರ್ಪು ಕೊಡುವವನ ಆತ್ಮಸಾಕ್ಷಿ ನಡುಗಿದ ಆ ಗಳಿಗೆಯನ್ನು ಮರೆಯಲಾರೆ ಎಂಬರ್ಥದಲ್ಲಿ ಬರೆದ. ಮೊಸ್ಯೂ ಅದನ್ನು ಕತ್ತರಿಸಿ ನನಗೆ ಕೊಟ್ಟು, "ಇನ್ನು ಮುಂದೆ ಬಾಳೆಹಣ್ಣು ಮಾತ್ರ," ಎಂದರು. ವಿಮರ್ಶಕರ ಮೇಲಿದ್ದ ಅಲ್ಪಸ್ವಲ್ಪ ಗೌರವವೂ ನನಗೆ ಅವತ್ತೇ ಹೋಯಿತು.

ಗುಟ್ಟು ಹೊರಗೆ ಬೀಳದಿದ್ದರೂ ಯಂತ್ರದ ಸುದ್ದಿ ನಾಗೇಂದ್ರನ ಬಾಯಿಂದ ಸ್ವಲ್ಪ ಸೋರಿತು. ಒಂದು ದಿನ ಅವನು ತನ್ನ ಪರಿಚಯದ ಕನ್ಸಲ್ಟಿಂಗ್ ಧಣಿಯೊಬ್ಬನನ್ನು ನಮ್ಮ ಮನೆಗೆ ಕರೆತಂದ. ಊರಿಂದ ಹುಡುಗರನ್ನು ತರಿಸಿ, ಗೆಸ್ಟ್‌ಹೌಸಿನಲ್ಲಿ ಎಂಟೆಂಟು ಜನರನ್ನು ಮಲಗಿಸಿ, ಕಂಪನಿಗಳಿಗೆ ಬಾಡಿಗೆಗೆ ಕೊಡುವ ವ್ಯವಹಾರ ಅವನದು.

"ಸಾರ್, ನಿಮ್ಮಂಥೋರು ನಮಗೆ ಬೇಕು ಸಾರ್. ಫೋನ್ ಇಂಟರ್‌ವ್ಯೂನ ಹೇಗೋ ಮ್ಯಾನೇಜ್ ಮಾಡ್ತೀವಿ, ಬೇರೆಯೋರ ಕೈಲಿ ಮಾತಾಡಿಸ್ತೀವಿ. ಇನ್‌ಪರ್ಸನ್ ಇಂಟರ್‌ವ್ಯೂಗೇ ತೊಂದ್ರೆ. ಹುಡುಗನ ಕಿವೀಲಿ ಇದನ್ನ ಇಟ್ಟು, ಹೊರಗೆ ಕಾರಲ್ಲಿ ಜಾವಾ ಗೊತ್ತಿರೋ ಒಬ್ಬರು ಕೂತು ಆನ್ಸರ್ ಹೇಳ್ತಾರೆ. ಯಾವಾಗ ಹೇಳ್ಬೇಕು ಅನ್ನೋ ಟೈಮಿಂಗ್ ನೀವು ಟ್ರೈನ್ ಮಾಡ್ಬೇಕು ಅಷ್ಟೆ."

"ಕಾರಲ್ಲಿ ಕೂತ್ರೆ ಅವನ ಭುಜ ಕಾಣ್ಸಲ್ವಲ್ಲಪ್ಪಾ," ಎಂದೆ.

"ಭುಜ ಯಾಕ್ ಸಾರ್?"

"ಕೆಲ್ಸ ಸಿಕ್ಕಿದ್ಮೇಲೆ? ದಿನಾ ಆಫೀಸಲ್ಲೂ ಕಿವೀಲಿ ಇಟ್ಕೊಂಡೇ ಕೂರ್ತಾನಾ?"

"ಅಷ್ಟೊತ್ತಿಗೆ ಕಲ್ತ್ಕೊಂಡಿರ್ತಾನೆ ಬಿಡಿ ಸಾರ್. ನಾವೆಲ್ಲ ಹಾಗೇ ಅಲ್ವಾ ಬಂದಿರೋದು?"

ಅವನು ಇದನ್ನು ಎಷ್ಟು ಮುಗ್ಧವಾಗಿ ಹೇಳಿದನೆಂದರೆ ಬೈಯಲು ಹೊರಟ ನಾನು ಚಕ್ಕುಲಿಯ ತಟ್ಟೆಯನ್ನು ಅವನ ಮುಂದೆ ಸರಿಸಿದೆ. ವಿಶಾಲು ಕಾಫಿ ಕೊಟ್ಟು ಕಳಿಸಿದಳು. ಅವನನ್ನು ವಂಚಕ ಎಂದುಕೊಂಡು ಮಲಗಲು ಹೋದವನಿಗೆ, ಮಾರನೆಯ ಮಧ್ಯಾಹ್ನ ಕೋಣೆಯಲ್ಲಿ ಅಡಗಿ ಕೂತು ನಾನು ಮಾಡಬೇಕಾದ ಕೆಲಸ ಯಾವುದು ಎಂಬುದು ನೆನಪಾಯಿತು. ನನಗೂ ಅವನಿಗೂ ಇದ್ದ ವ್ಯತ್ಯಾಸವನ್ನು ಬಹಳ ಹೊತ್ತು ಹುಡುಕಿದೆ. ಮೊಸ್ಯೂಗೆ ಕೆಲಸ ಗೊತ್ತಿದೆ, ಮಾತು ಮಾತ್ರ ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅದು ಪೂರ್ತಿ ಸಮಾಧಾನವಾಗಿರಲಿಲ್ಲ.

ಇನ್ನು ಆ ಭಾನುವಾರದ ಸಂಗತಿ. ಮೊಸ್ಯೂ ಜೀವನವಿಡೀ ಕಾದಿದ್ದ ಪಾತ್ರ ಸಿಕ್ಕಿತ್ತು: ಹಡಗಿನ ಮುದಿ ಕ್ಯಾಪ್ಟನ್. ಮುಳುಗುವ ಹಡಗಿನಿಂದ ತಾನೊಬ್ಬನೇ ಪಾರಾಗಿ, ಹೆಂಡತಿಯನ್ನು ಬಿಟ್ಟು ಬಂದವನು. ಇಷ್ಟು ವರ್ಷ ಮಗಳಿಗೆ ಸುಳ್ಳು ಹೇಳಿ ಕೊನೆಗೆ ಬಾಯಿ ಬಿಡುತ್ತಾನೆ. ಎರಡನೇ ಅಂಕದ ಆ ತಪ್ಪೊಪ್ಪಿಗೆಯೇ ನಾಟಕದ ಜೀವ. ಆ ವರ್ಷ ಆಯುಧಪೂಜೆ ಸರಿಯಾಗಿ ಭಾನುವಾರವೇ ಬಂದಿತ್ತು, ಎರಡು ಗಂಟೆಗೆ ಮ್ಯಾಟಿನಿ.

ಬೆಳಿಗ್ಗೆ ಎದ್ದು ನೋಡಿದರೆ ವಿಶಾಲು ಮನೆಯ ಆಯುಧಗಳನ್ನೆಲ್ಲ ದೇವರ ಮುಂದೆ ಜೋಡಿಸಿದ್ದಳು. ಮಿಕ್ಸಿ, ಇಕ್ಕಳ, ಕಾರಿನ ಕೀ, ಅವುಗಳ ಮಧ್ಯೆ ನನ್ನ ನಾಟಕದ ಪುಸ್ತಕ, ಮೈಕು, ಕಿವಿಯ ರಿಸೀವರ್. ಎಲ್ಲಕ್ಕೂ ಗಂಧ, ಕುಂಕುಮ, ಮೇಲೊಂದು ಸೇವಂತಿಗೆ.

"ರೀ, ಪೂಜೆಗೆ ಇಟ್ಟಿದ್ದನ್ನ ಇವತ್ತು ಎತ್ತಬಾರದು. ಅವಕ್ಕೂ ಒಂದಿನ ರೆಸ್ಟ್ ಬೇಡ್ವಾ?"

"ಮ್ಯಾಟಿನಿ ಇದೆ ಕಣೇ."

"ಹಾಗಿದ್ರೆ ಮಂಗಳಾರತಿ ಆಗೋವರ್ಗಾದ್ರೂ ಇರಿ. ಒಬ್ಬಟ್ಟು ಬಡಿಸ್ತೀನಿ."

ಮಂಗಳಾರತಿ ಆಯಿತು, ಒಬ್ಬಟ್ಟೂ ಆಯಿತು, ರೂಟ್ ಒನ್ ಹೆದ್ದಾರಿಯಲ್ಲಿ ಟ್ರಾಫಿಕ್ಕೂ ಆಯಿತು. ಪ್ರತಿ ಪ್ರದರ್ಶನಕ್ಕೆ ಮುಂಚೆ ಎರಡು ಸಲ ಪರೀಕ್ಷೆ ಮಾಡುವುದು ನಮ್ಮ ನಿಯಮ. ನಾನು ಥಿಯೇಟರ್ ಮುಟ್ಟುವ ಹೊತ್ತಿಗೆ ನಟರನ್ನೆಲ್ಲ ಜಾಗಕ್ಕೆ ಕರೆಯುತ್ತಿದ್ದರು. ಬಟ್ಟೆಯಲ್ಲಿ ಕುಂಕುಮ ಒರೆಸಿ ರಿಸೀವರನ್ನು ಮೊಸ್ಯೂ ಕಿವಿಗೆ ಇಟ್ಟೆ, ಅಷ್ಟೇ. ಅದರ ಸೂಜಿಮೊನೆಯ ತೂತುಗಳಲ್ಲಿ ವಿಶಾಲು ಭಕ್ತಿಯಿಂದ ಹಚ್ಚಿದ ಗಂಧ ಒಣಗಿ ಗಟ್ಟಿಯಾಗಿ ಕೂತಿತ್ತು. ನಾನು ನೋಡಲಿಲ್ಲ.

ಮೊದಲ ಅಂಕದಲ್ಲಿ ಕ್ಯಾಪ್ಟನ್‌ಗೆ ಮಾತು ಕಡಿಮೆ, ಹೇಗೋ ದಾಟಿತು. ಎರಡನೆಯದರಲ್ಲಿ ಮಗಳ ಎದುರು ಕೂತು, "ಆ ದಿನ ದೋಣಿಯಲ್ಲಿ..." ಎಂದು ನಿಲ್ಲಿಸಿದರು. ನಾನು ಕಾದೆ. ಭುಜ ಇಳಿಯಿತು. "ಒಬ್ಬರಿಗಷ್ಟೇ ಜಾಗವಿತ್ತು," ಎಂದು ಮೈಕಿಗೆ ಹೇಳಿದೆ. ಏನೂ ಇಲ್ಲ. ಮತ್ತೆ ಹೇಳಿದೆ. ಮೊಸ್ಯೂ ಕೈ ಕಿವಿಯ ಹತ್ತಿರ ಹೋಯಿತು. ಆಗ ನನ್ನ ಕಣ್ಣ ಮುಂದೆ ದೇವರ ಮನೆ, ಗಂಧದ ಬಟ್ಟಲು ಎಲ್ಲಾ ಒಟ್ಟಿಗೆ ಬಂತು.

ಪುಸ್ತಕ ಹಿಡಿದು ವಿಂಗಿಗೆ ಓಡಿದೆ. ಹೆದರಿದ ಮನುಷ್ಯ ಮೊದಲು ಕಲಿತದ್ದನ್ನೇ ಮಾಡುತ್ತಾನೆ. ನಾನು ಮೈಸೂರಿನ ಪದ್ಧತಿಯಲ್ಲಿ, ಎದೆಯಿಂದ, ಭಾವ ತುಂಬಿ, "ಒಬ್ಬರಿಗಷ್ಟೇ ಜಾಗವಿತ್ತು!" ಎಂದೆ. ಚರ್ಚಿನ ಚಾವಣಿ ಅದನ್ನು ಎತ್ತಿ ಮತ್ತೊಮ್ಮೆ ಹೇಳಿತು. ಮಗಳ ಪಾತ್ರದ ಹುಡುಗಿ ಕಲ್ಲಾದಳು. ಮೊಸ್ಯೂ ಆ ಸಾಲು ಹೇಳಿದರು, ಮತ್ತೆ ನಿಂತರು, ಮತ್ತೆ ಕೊಟ್ಟೆ. ಮೂರನೆಯ ಸಲ ಜನ ನಗತೊಡಗಿದರು. ಎದುರು ವಿಂಗಿನಲ್ಲಿ ಬ್ರೆಂಡಾ ಕೈ ಕಟ್ಟಿ ನಿಂತಿದ್ದಳು.

ಮೊಸ್ಯೂ ನಿಧಾನವಾಗಿ ರಿಸೀವರನ್ನು ಕಿವಿಯಿಂದ ತೆಗೆದರು. ಮೂಗಿನ ಹತ್ತಿರ ಹಿಡಿದು ಮೂಸಿದರು. ಅವರ ತುಟಿಯ ಮೇಲೆ ಸಣ್ಣ ನಗು ಬಂತು. ಎದ್ದು ಮುಂದೆ ಬಂದು ಪ್ರೇಕ್ಷಕರಿಗೆ ಹೇಳಿದರು:

"ಮಹನೀಯರೇ, ನಾನು ಕಿವುಡನಲ್ಲ. ಎರಡು ವರ್ಷ ನಿಮಗೆ ಸುಳ್ಳು ಹೇಳಿದ್ದೇನೆ. ನನಗೆ ಮಾತು ನೆನಪಿರುವುದಿಲ್ಲ. ನನ್ನ ಮಾತುಗಳೆಲ್ಲ ಅಲ್ಲಿ ನಿಂತಿರುವ ಆ ಮನುಷ್ಯನ ಹತ್ತಿರ ಇವೆ. ನೀವು ಒಪ್ಪಿದರೆ ಅವನು ಇಲ್ಲಿಗೆ ಬಂದು ಕೂರಲಿ, ನಾಟಕ ಮುಗಿಸುತ್ತೇವೆ. ಒಪ್ಪದಿದ್ದರೆ ಬಾಗಿಲು ನಿಮ್ಮ ಹಿಂದೆಯೇ ಇದೆ."

ಇಬ್ಬರು ಎದ್ದು ಹೋದರು. ಅವರಲ್ಲಿ ಒಬ್ಬಾತ ಬಾತ್‌ರೂಮಿಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ನಾನು ಸ್ಟೂಲು ತೆಗೆದುಕೊಂಡು ರಂಗದ ಮೇಲೆ ಹೋಗಿ ಕ್ಯಾಪ್ಟನ್ ಪಕ್ಕದಲ್ಲಿ ಕೂತೆ. ಹಣೆಯ ಮೇಲೆ ನನ್ನ ಕುಂಕುಮ, ಪುಸ್ತಕದ ಮೇಲೆ ಅದರ ಕುಂಕುಮ. ಮೊಸ್ಯೂ ನಿಂತಾಗ ಕಾದೆ, ಭುಜ ಇಳಿದಾಗ ಮೆಲ್ಲಗೆ ಕೊಟ್ಟೆ. ಹೆಂಡತಿಯ ಬೆರಳುಗಳನ್ನು ದೋಣಿಯ ಅಂಚಿನಿಂದ ಒಂದೊಂದಾಗಿ ಬಿಡಿಸಿದೆ ಎಂದು ಕ್ಯಾಪ್ಟನ್ ಹೇಳುವಾಗ ಸಭೆಯಲ್ಲಿ ಯಾರೂ ನಗಲಿಲ್ಲ. ನನಗೆ ಅಳು ಬಂತು. ಪ್ರಾಂಪ್ಟರ್ ಅಳಬಾರದು, ಅಕ್ಷರ ಕಾಣಿಸುವುದಿಲ್ಲ.

ಮುಗಿದ ಮೇಲೆ ಬ್ರೆಂಡಾ ನನ್ನ ಹತ್ತಿರ ಬಂದು, "ಹಾಗಾದರೆ ಇವರ ಕೋಟು ಯಾರು ಹಿಡಿಯುತ್ತಿದ್ದರು?" ಎಂದು ಮಾತ್ರ ಕೇಳಿದಳು. ಮುಂದಿನ ವಾರ ಕ್ಯಾಪ್ಟನ್ ಪಾತ್ರಕ್ಕೆ ನಲವತ್ತರ ಪ್ರಾಯದವನೊಬ್ಬ ಬಿಳಿ ಗಡ್ಡ ಅಂಟಿಸಿಕೊಂಡು ಬಂದ. ನಾನು ಟಿಕೆಟ್ ಕೊಂಡು ಹೋಗಿ ನೋಡಿದೆ. ಅವನು ಒಂದು ಸಾಲೂ ಮರೆಯಲಿಲ್ಲ. ಬೇರೆ ಏನನ್ನೂ ಮಾಡಲಿಲ್ಲ.

ವಿಶಾಲು ವಾರವಿಡೀ ಮಂಕಾಗಿದ್ದಳು. "ನಾನು ಗಂಧ ಹಚ್ಚಿದ್ದಕ್ಕೇ ಪಾಪ ಅವ್ರ ಕೆಲ್ಸ ಹೋಯ್ತೇನ್ರೀ?" ಎಂದು ಕೇಳುತ್ತಲೇ ಇದ್ದಳು. ಪರೀಕ್ಷೆ ಮಾಡದೆ ಕೊಟ್ಟವನು ನಾನು, ತಪ್ಪು ನನ್ನದು ಎಂದರೆ ಅವಳು ಒಪ್ಪಲಿಲ್ಲ. ಕೊನೆಗೆ ಮೊಸ್ಯೂನನ್ನೇ ಊಟಕ್ಕೆ ಕರೆದೆ. ಅವರು ತುಪ್ಪ ಸುರಿದ ಒಬ್ಬಟ್ಟನ್ನು ಫೋರ್ಕಿನಲ್ಲಿ ತಿಂದು, "ಮೇಡಂ, ಎರಡು ವರ್ಷದಲ್ಲಿ ಆ ಒಂದು ಮಧ್ಯಾಹ್ನ ನನಗೆ ಹೆದರಿಕೆ ಇರಲಿಲ್ಲ. ಇನ್ನೊಂದು ಹಾಕಿ," ಎಂದರು. ಅವಳು ಎರಡು ಹಾಕಿದಳು.

ಅಲ್ಲಿಗೆ ಅವರ ರಂಗಜೀವನ ಮುಗಿಯಿತು. ಸಾಫ್ಟ್‌ವೇರಿನವರ ಸುಗ್ಗಿಯೂ ಆ ಹೊತ್ತಿಗೆ ಮುಗಿಯುತ್ತ ಬಂದಿತ್ತು. ಆ ಕನ್ಸಲ್ಟಿಂಗ್ ಧಣಿ ಗೆಸ್ಟ್‌ಹೌಸ್ ಖಾಲಿ ಮಾಡಿದನೆಂದು ಕೇಳಿದೆ. ಮೊಸ್ಯೂ ಪ್ರಿನ್ಸ್‌ಟನ್ ಹತ್ತಿರದ ಒಂದು ವೃದ್ಧಾಶ್ರಮ ಸೇರಿದರು. ನಾನು ಫೋಟೋಕಾಪಿ ಅಂಗಡಿಗೆ ವಾಪಸಾದೆ, ಬುಧವಾರ ಮಧ್ಯಾಹ್ನ ಮಾತ್ರ ಅವರಲ್ಲಿಗೆ ಹೋಗುತ್ತಿದ್ದೆ. ಈಗ ಅವರು ಮರೆಯುತ್ತಿದ್ದುದು ತಮ್ಮದೇ ಬದುಕನ್ನು. ತಾವು ಹುಟ್ಟಿದ್ದು ಎಲ್ಲಿ ಎಂದು ನನ್ನನ್ನೇ ಕೇಳುವರು. ಬ್ರೆಡ್ ಅಂಗಡಿ ಎಂದರೆ ಮುಖ ಹುಳ್ಳಗೆ ಮಾಡಿ, "ಅದಕ್ಕಿಂತ ಒಳ್ಳೆಯದು ಇಲ್ಲವೇ?" ಎನ್ನುವರು. ಹಡಗು ಕೊಡುತ್ತಿದ್ದೆ. ಖುಷಿಪಡುತ್ತಿದ್ದರು.

ಒಂದು ಬುಧವಾರ ಹೋದಾಗ ಅವರಿಗೆ ನನ್ನ ಗುರುತೂ ಸಿಗಲಿಲ್ಲ. ನರ್ಸ್ ನನ್ನ ಹೆಸರು ಕಿರುಚಿ ಹೇಳಿದಳು. ಅವರ ಫೈಲಿನಲ್ಲಿ ಇನ್ನೂ ಕಿವುಡ ಎಂದೇ ಬರೆದಿತ್ತು. ಅವರು ನನ್ನನ್ನು ಯಾರೋ ಕೊರಿಯರ್‌ನವನನ್ನು ನೋಡುವಂತೆ ನೋಡಿ ಕಿಟಕಿಯ ಕಡೆ ತಿರುಗಿದರು. ನನಗೆ ತಡೆಯಲಾಗಲಿಲ್ಲ. ಚೀಲದಿಂದ ಕುಂಕುಮ ಮೆತ್ತಿದ ಆ ಪುಸ್ತಕ ತೆಗೆದು, "ಆ ದಿನ ದೋಣಿಯಲ್ಲಿ," ಎಂದು ಓದಿದೆ. ಅವರು ಅಲುಗಲಿಲ್ಲ. ಕಾದೆ. ಇನ್ನೇನೂ ಉಳಿದಿಲ್ಲವೇನೋ ಎಂದು ಹೆದರಿಕೆಯಾಗಿ ಮುಂದಿನ ಸಾಲು ಕೊಟ್ಟುಬಿಟ್ಟೆ.

ಅವರು ಥಟ್ಟನೆ ತಿರುಗಿದರು. ನಾನು ಯಾರೆಂದು ಆಗಲೂ ಗೊತ್ತಾಗಿರಲಿಲ್ಲ, ಆದರೆ ಕಣ್ಣಲ್ಲಿ ಅದೇ ಹಳೆಯ ಸಿಟ್ಟು.

"ಅವಸರ. ನಾನಿನ್ನೂ ಉಸಿರು ಬಿಟ್ಟಿಲ್ಲ," ಎಂದರು.

ನಾನು ಪುಸ್ತಕ ಮುಚ್ಚಿ, ಅವರ ಎಡಭುಜ ಕಾಣುವಂತೆ ಕುರ್ಚಿ ಸರಿಸಿಕೊಂಡು ಕುಳಿತೆ.